ರಾಸಾಯನಿಕ ಅವಘಡಕ್ಕೆ ಹಳ್ಳಿಗಳನ್ನು ತಯಾರು ಮಾಡೋ ತರಬೇತುದಾರರಿಗೆ ಏನು ಕಲಿಸಬೇಕು? (ತುಮಕೂರು)

ಹಿರೇಹಳ್ಳಿ_ಸೇಫ್ಟಿ

ಎಲ್ಲರಿಗೂ ನಮಸ್ಕಾರ. ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಹಳ್ಳಿಗಳಿಗೂ ಹೆದ್ದಾರಿ 48ರ ಪಕ್ಕದ ಊರುಗಳಿಗೂ ರಾಸಾಯನಿಕ ಅವಘಡದ ತಯಾರಿ ಹೇಳಿಕೊಡುವ ಯೋಜನೆ ನಡೆದಿದೆ. ಊರೂರಿಗೆ ನಾವೇ ಹೋಗುವುದಲ್ಲ. ಮೊದಲು 24 ಜನ ತರಬೇತುದಾರರನ್ನು ತಯಾರು ಮಾಡಬೇಕು, ಆಮೇಲೆ ಊರಿಗೆ ಹೋಗುವವರು ಅವರು. ಪಟ್ಟಿಯಲ್ಲಿ ಶಾಲಾ ಮೇಷ್ಟ್ರುಗಳು, ಆಶಾ ಕಾರ್ಯಕರ್ತೆಯರು, ಗೃಹರಕ್ಷಕ ದಳದವರು, ಹಾಲಿನ ಡೇರಿ ಕಾರ್ಯದರ್ಶಿಗಳು, ಒಂದಿಬ್ಬರು ಪಿಡಿಒಗಳು ಇದ್ದಾರೆ. ಸಿಗುವುದು ನಾಲ್ಕು ದಿನ.

ಸದ್ಯಕ್ಕೆ ಕೈಲಿರುವುದು ಕಾರ್ಖಾನೆ ಕಾರ್ಮಿಕರಿಗೆ ಅಂತ ಮಾಡಿದ 180 ಸ್ಲೈಡುಗಳ ಪಾಠ. ಅದನ್ನೇ ಕನ್ನಡಕ್ಕೆ ತಿರುಗಿಸಿದರೆ ಸಾಕೇ? ನಮ್ಮ ಕಡೆ ಎದುರಾಗುವ ವಸ್ತುಗಳು: ಕೋಲ್ಡ್ ಸ್ಟೋರೇಜ್ ಮತ್ತು ಡೇರಿಗಳ ಅಮೋನಿಯಾ, ನೀರು ಶುದ್ಧೀಕರಣ ಘಟಕಗಳ ಕ್ಲೋರಿನ್, ಹೆದ್ದಾರಿಯಲ್ಲಿ ಎಲ್‌ಪಿಜಿ, ಪೆಟ್ರೋಲ್, ಆಸಿಡ್ ಟ್ಯಾಂಕರ್‌ಗಳು.

ಕೇಳಬೇಕಾದ್ದು ಇಷ್ಟು. ನಾಲ್ಕು ದಿನವನ್ನು ಹೇಗೆ ಹಂಚಬೇಕು? ಜನಕ್ಕೆ "ಓಡಿ" ಅನ್ನಬೇಕೋ "ಒಳಗಿರಿ" ಅನ್ನಬೇಕೋ? ಅಣಕು ಪ್ರದರ್ಶನ ಯಾವ ಮಟ್ಟದಲ್ಲಿರಬೇಕು? ಕಲಿತವರು ನಿಜಕ್ಕೂ ಕಲಿಸಬಲ್ಲರೋ ಇಲ್ಲವೋ ಅಂತ ಅಳೆಯುವುದು ಹೇಗೆ?

ನಂದಿ_ತಪ್ಪಲು

ಆ 180 ಸ್ಲೈಡನ್ನು ಪಕ್ಕಕ್ಕಿಡಿ ಸರ್. ಅದು ಕವಾಟ ಮುಚ್ಚುವವನಿಗೆ ಬರೆದ ಪಾಠ. ಹಳ್ಳಿಯವರಿಗೆ ಬೇಕಿರುವುದು ಘಾಟು ಮೂಗಿಗೆ ಬಡಿದ ಮೊದಲ ಹತ್ತು ನಿಮಿಷ ಏನು ಮಾಡಬೇಕು ಅನ್ನುವುದು. ತರಬೇತುದಾರ ರಸಾಯನಶಾಸ್ತ್ರ ಎಷ್ಟು ಬಲ್ಲ ಅನ್ನುವುದಕ್ಕಿಂತ ಆ ಹತ್ತು ನಿಮಿಷವನ್ನು ಎಷ್ಟು ಕಡಿಮೆ ಮಾತಲ್ಲಿ ದಾಟಿಸಬಲ್ಲ ಅನ್ನುವುದು ಮುಖ್ಯ. ಹಾಗಾಗಿ ನಾಲ್ಕು ದಿನದಲ್ಲಿ ಅರ್ಧ ಸಮಯವಾದರೂ ಅವರೇ ನಿಂತು ಪಾಠ ಮಾಡುವಂತಿರಲಿ.

ಮೊದಲ ದಿನ ನಕ್ಷೆ, ತರಗತಿಯೊಳಗಲ್ಲ, ಹೊರಗೆ. ಆರಾರು ಜನರ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಹಳ್ಳಿ ಕೊಡಿ. ಸರ್ವೆ ನಂಬರ್, ಗಡಿ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್‌ನಿಂದ ಗ್ರಾಮದ ಗಡಿ ತೆಗೆದುಕೊಂಡು 6×4 ಅಡಿ ಫ್ಲೆಕ್ಸ್ ಮೇಲೆ ದಪ್ಪ ಗೆರೆಯಲ್ಲಿ ಮುದ್ರಿಸಿ. ಅದರ ಮೇಲೆ ಗುರುತಿಸಬೇಕಾದ್ದು ಅಪಾಯದ ಜಾಗ, ಶಾಲೆ, ಅಂಗನವಾಡಿ, ಹಾಸಿಗೆ ಹಿಡಿದವರಿರುವ ಮನೆ, ಆರ್‌ಸಿಸಿ ಕಟ್ಟಡಗಳು, ಊರಿಂದ ಹೊರಬೀಳುವ ದಾರಿಗಳು, ಮತ್ತು ತಗ್ಗು. ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕೆರೆ ಅಂಗಳ, ಹಳ್ಳ, ರೈಲ್ವೆ ಕೆಳಸೇತುವೆ, ರಾಜಕಾಲುವೆ, ಭಾರವಾದ ಅನಿಲ ಹೋಗಿ ಕೂರುವುದೇ ಇಂಥ ಕಡೆ. ಊರಿಂದ ಹೊರಡುವ ಒಳ್ಳೆಯ ದಾರಿ ಕೆಳಸೇತುವೆಯ ಮೂಲಕವೇ ಹೋಗುತ್ತಿದ್ದರೆ ಕ್ಲೋರಿನ್ ಸೋರಿದ ದಿನ ಅದನ್ನು ದಾರಿ ಅಂತ ಲೆಕ್ಕಕ್ಕೆ ಹಿಡಿಯಬಾರದು.

ನಕ್ಷೆ ಎರಡು ಬೇಕು. ಮುಂಗಾರಿನಲ್ಲಿ ನಮ್ಮ ಕಡೆ ಪಡುವಣ ಗಾಳಿ, ಸೋರಿದ್ದು ಮೂಡಣಕ್ಕೆ ಹೋಗುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಮೂಡಗಾಳಿ, ಹೋಗುವುದು ಪಡುವಣಕ್ಕೆ. ಒಂದೇ ಬಾಣ ಹಾಕಿದ ನಕ್ಷೆ ವರ್ಷದ ಒಂದಷ್ಟು ಕಾಲ ಜನರನ್ನು ಅನಿಲದ ಕಡೆಗೇ ಕಳಿಸುತ್ತದೆ. ಚಳಿಗಾಲದ ಬೆಳಗಿನ ಜಾವವಂತೂ ಬೇರೆಯೇ ಕಥೆ. ಗಾಳಿ ಸತ್ತಿರುತ್ತದೆ, ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದಂತೆ ಕೂತಿರುತ್ತದೆ, ಅನಿಲ ಮೇಲೇಳದೆ ದೂರದವರೆಗೆ ಹರಿದಾಡುತ್ತದೆ. ಅಮೆರಿಕ, ಕೆನಡಾದ ತುರ್ತು ಕೈಪಿಡಿಯ ಪಟ್ಟಿಯನ್ನೇ ನೋಡಿ: ಒಂದು ಡ್ರಮ್ಮಿನಷ್ಟರ ಒಳಗಿನ ಸಣ್ಣ ಕ್ಲೋರಿನ್ ಸೋರಿಕೆಗೆ ಗಾಳಿಯ ದಿಕ್ಕಿನಲ್ಲಿ ಹಗಲು ಸುಮಾರು 0.3 ಕಿ.ಮೀ. ರಕ್ಷಣಾ ದೂರ, ರಾತ್ರಿ ಅದೇ ಸೋರಿಕೆಗೆ 1 ಕಿ.ಮೀ.ಗೂ ಹೆಚ್ಚು. ತರಬೇತುದಾರರು ಈ ವ್ಯತ್ಯಾಸದ ಕಾರಣ ಅರ್ಥಮಾಡಿಕೊಂಡರೆ ಸಾಕು, ಅಂಕಿ ಬಾಯಿಪಾಠ ಬೇಡ.

ಎರಡನೇ ದಿನ ಮೂರೇ ವಸ್ತು: ಅಮೋನಿಯಾ, ಕ್ಲೋರಿನ್, ಎಲ್‌ಪಿಜಿ. ಉಳಿದದ್ದು ಒಂದು ಗಂಟೆಯಲ್ಲಿ ಮುಗಿಯಲಿ. ಭಾರದ ಅನಿಲ ತೋರಿಸಲು ಅಡುಗೆ ಸೋಡ ಮತ್ತು ವಿನೆಗರ್ ಸಾಕು. ಐದು ಲೀಟರ್ ಬಕೆಟ್ಟಿಗೆ ಕಾಲು ಲೀಟರ್ ವಿನೆಗರ್, ಅದಕ್ಕೆ ಎರಡು ದೊಡ್ಡ ಚಮಚ ಸೋಡ. ನೊರೆ ಇಳಿದ ಮೇಲೆ ಬಕೆಟ್ಟಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಗಾಜಿನ ಮೀನಿನ ತೊಟ್ಟಿಯೊಳಗೆ ಮೂರು ಎತ್ತರದಲ್ಲಿ ಮೂರು ಮೇಣದ ಬತ್ತಿ ಹಚ್ಚಿ, ಬಕೆಟ್ಟನ್ನು ಅಂಚಿಗೆ ತಂದು ಮೆಲ್ಲಗೆ ಬಾಗಿಸಿ. ದ್ರವ ಬೀಳಬಾರದು, ಅನಿಲ ಮಾತ್ರ ಸುರಿಯಬೇಕು. ಕೆಳಗಿನ ಬತ್ತಿ ಮೊದಲು ಆರುತ್ತದೆ. ಇದು ಕೆಡುವುದು ಫ್ಯಾನ್ ಹಾಕಿದ್ದಾಗ, ಇಲ್ಲವೇ ಅವಸರದಲ್ಲಿ ಬಗ್ಗಿಸಿದಾಗ. "ಕ್ಲೋರಿನ್ ಇದಕ್ಕಿಂತಲೂ ಭಾರ, ಗಾಳಿಯ ಎರಡೂವರೆ ಪಟ್ಟು" ಅಂದುಬಿಟ್ಟರೆ ತಗ್ಗಿನಲ್ಲಿ ಯಾಕೆ ಅಡಗಬಾರದು ಅಂತ ಮತ್ತೆ ವಿವರಿಸಬೇಕಾಗಿಲ್ಲ.

ಬ್ಲೀಚಿಂಗ್ ಪೌಡರಿಗೆ ಆಸಿಡ್ ಹಾಕಿ "ನಿಜವಾದ ಕ್ಲೋರಿನ್" ತೋರಿಸುವ ಉತ್ಸಾಹ ಯಾರಿಗೂ ಬರದಂತೆ ನೋಡಿಕೊಳ್ಳಿ. ತರಗತಿಯಲ್ಲಿ ನಿಜವಾದ ವಿಷ ಯಾವುದೂ ಬೇಡ, ಸೀಸೆಯ ಅಮೋನಿಯಾ ಕೂಡ.

ಮೂರನೇ ದಿನ ಪೂರ್ತಿ ಪಾಠ ಮಾಡಿಸುವುದು, ನಾಲ್ಕನೇ ದಿನ ಊರಲ್ಲಿ. ಆಮೇಲೆ ವಿವರವಾಗಿ ಬರೀತೀನಿ, ಬೇರೆಯವರೂ ಹೇಳಲಿ.

ಕಂಪ್ರೆಸರ್_ಕೋಲಾರ

ನಂದಿ_ತಪ್ಪಲು ಅವರು ಹೇಳಿದ್ದಕ್ಕೆ ಅಮೋನಿಯಾದ ಒಂದು ತಿದ್ದುಪಡಿ. ಪುಸ್ತಕದಲ್ಲಿ ಅಮೋನಿಯಾ ಗಾಳಿಗಿಂತ ಹಗುರ ಅಂತಲೇ ಇರುತ್ತದೆ, ಸರಿ. ತರಬೇತುದಾರರು ಅಷ್ಟನ್ನೇ ಹಿಡಿದುಕೊಂಡು "ಮೇಲೆ ಹೋಗಿಬಿಡುತ್ತೆ, ನೆಲಕ್ಕೆ ಬಗ್ಗಿ ನಡೀರಿ" ಅನ್ನುತ್ತಾರೆ. ಪೈಪಿನಿಂದ ದ್ರವ ಅಮೋನಿಯಾ ಚಿಮ್ಮಿದಾಗ ಹೀಗಾಗುವುದಿಲ್ಲ. ಅದು ಕುದಿಯುವುದು ಮೈನಸ್ 33 ಡಿಗ್ರಿಯಲ್ಲಿ. ಹೊರಬಂದ ಕೂಡಲೇ ಗಾಳಿಯ ತೇವವನ್ನು ಹಿಡಿದು ಬಿಳಿ ಮಂಜಾಗಿ, ತಣ್ಣಗೆ, ಭಾರವಾಗಿ ನೆಲಕ್ಕಂಟಿಕೊಂಡೇ ಸಾಗುತ್ತದೆ. ಬಿಸಿಯಾಗಿ ತೆಳುವಾದ ಮೇಲೆ ಏಳುತ್ತದೆ. ಒಂದು ಲೀಟರ್ ದ್ರವ ಸುಮಾರು 850 ಲೀಟರ್ ಅನಿಲವಾಗುತ್ತದೆ. ಜನಕ್ಕೆ ಹೇಳಬೇಕಾದ್ದು: ಬಿಳಿ ಮಂಜು ಕಂಡರೆ ಅದರೊಳಗೆ ಕಾಲಿಡಬೇಡಿ, ಮಂಜಿನ ಅಂಚಿನಾಚೆಗೂ ಕಣ್ಣಿಗೆ ಕಾಣದ ಅಮೋನಿಯಾ ಇರುತ್ತದೆ.

ಘಾಟು ಬಂತೆಂದರೆ ಸತ್ತೆವು ಅಂತ ಅಲ್ಲ, ಇದನ್ನೂ ಹೇಳಬೇಕು. ಅಮೋನಿಯಾ ತೀರಾ ಕಡಿಮೆ ಪ್ರಮಾಣದಲ್ಲೇ ಮೂಗಿಗೆ ತಿಳಿಯುತ್ತದೆ. ಕೆಲಸದ ಜಾಗದಲ್ಲಿ ಎಂಟು ಗಂಟೆಗೆ ಒಪ್ಪುವ ಮಿತಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 25 ಭಾಗ), ಪ್ರಾಣಕ್ಕೆ ತಕ್ಷಣದ ಅಪಾಯ ಅಂತ ಗುರುತಿಸಿದ ಮಟ್ಟ 300. ನಡುವಿನ ಅಂತರವೇ ಜನಕ್ಕೆ ಸಿಗುವ ಸಮಯ. ಕ್ಲೋರಿನ್‌ನಲ್ಲಿ ಅಪಾಯದ ಮಟ್ಟವೇ ಬಹಳ ಕೆಳಗಿದೆ, 10 ಪಿಪಿಎಂ. ಕ್ಲೋರಿನ್ ಘಾಟು ಬಂತೆಂದರೆ ತೀರ್ಮಾನ ತಡಮಾಡುವಂತಿಲ್ಲ.

ಜನ ನೀರು ಹೊಡೆಯಲು ಓಡುತ್ತಾರೆ, ಇದನ್ನು ತಡೆಯುವುದೇ ದೊಡ್ಡ ಪಾಠ. ದ್ರವ ಅಮೋನಿಯಾ ಮಡುಗಟ್ಟಿದ ಮೇಲೆ ನೀರು ಸುರಿದರೆ ನೀರಿನ ಶಾಖಕ್ಕೆ ಅದು ಭರಭರ ಕುದಿದು ಅನಿಲ ಒಮ್ಮೆಗೇ ಹೆಚ್ಚುತ್ತದೆ. ಅಗ್ನಿಶಾಮಕದವರು ನೀರಿನ ಪರದೆ ಹಾಕುವುದು ಹರಡುವ ಆವಿಗೆ, ಮಡುವಿಗಲ್ಲ. ಸೋರುವ ಕ್ಲೋರಿನ್ ಸಿಲಿಂಡರಿಗೆ ನೀರು ಬಿದ್ದರೆ ಆಸಿಡ್ ಆಗಿ ಲೋಹವನ್ನು ತಿನ್ನುತ್ತದೆ, ತೂತು ದೊಡ್ಡದಾಗುತ್ತದೆ. ಸಿಲಿಂಡರನ್ನು ಕೆರೆಗೆ, ಬಾವಿಗೆ ಉರುಳಿಸುವುದೂ ಇದೇ ಕಾರಣಕ್ಕೆ ತಪ್ಪು. ನೀರಿನ ಘಟಕಗಳಲ್ಲಿ ಸಿಗುವುದು 100 ಕೆ.ಜಿ. ಸಿಲಿಂಡರ್, ಇಲ್ಲವೇ 900 ಕೆ.ಜಿ. ಹಿಡಿಯುವ ಟನ್ನರ್. ಟನ್ನರಿನ ತುದಿಗಳಲ್ಲಿರುವ ಕರಗುವ ಬಿರಡೆ ಸುಮಾರು 70 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಪಕ್ಕದಲ್ಲಿ ಕಸಕ್ಕೆ ಬೆಂಕಿ ಹಾಕುವುದೂ ಅವಘಡದ ಮೂಲ. ತೂತು ಮೇಲೆ ಬರುವಂತೆ ಸಿಲಿಂಡರ್ ತಿರುಗಿಸಿದರೆ ದ್ರವದ ಬದಲು ಅನಿಲ ಮಾತ್ರ ಸೋರಿ ಪ್ರಮಾಣ ಬಹಳ ಇಳಿಯುತ್ತದೆ, ಆದರೆ ಅದು ಘಟಕದ ತರಬೇತಾದ ಸಿಬ್ಬಂದಿ ಉಸಿರಾಟದ ಸೆಟ್ (ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರ್ ಮತ್ತು ಮುಖವಾಡ) ಹಾಕಿಕೊಂಡು ಮಾಡುವ ಕೆಲಸ. ಊರಿನ ಪಾಠದಲ್ಲಿ ಇದನ್ನು ಹೇಳಲೇಬೇಡಿ, ಯಾರೋ ಒಬ್ಬ ಪ್ರಯತ್ನ ಮಾಡುತ್ತಾನೆ.

ಗುಜರಿ ಅಂಗಡಿಗಳನ್ನು ಪಟ್ಟಿಗೆ ಸೇರಿಸಿ. 2010ರ ಜುಲೈಯಲ್ಲಿ ಮುಂಬೈ ಬಂದರಿನ ಶಿವಡಿ ಭಾಗದಲ್ಲಿ ಎಷ್ಟೋ ವರ್ಷದಿಂದ ಬಿದ್ದಿದ್ದ ಹಳೆಯ ಸಿಲಿಂಡರಿನಿಂದ ಕ್ಲೋರಿನ್ ಸೋರಿ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಖಾಲಿ ಅಂತ ಕಂಡರೂ ತಳದಲ್ಲಿ ಉಳಿದಿರುತ್ತದೆ.

ಕಣ್ಣಿಗೆ, ಚರ್ಮಕ್ಕೆ ತಗುಲಿದರೆ 15 ನಿಮಿಷ ಹರಿಯುವ ನೀರು. ಎಷ್ಟು ನೀರು ಅಂತಲೂ ಹೇಳಿ. ನಿಮಿಷಕ್ಕೆ ಒಂದೂವರೆ ಲೀಟರಿನ ಸಣ್ಣ ಧಾರೆ ಅಂದರೂ ಒಬ್ಬರಿಗೆ 20 ಲೀಟರಿನ ಒಂದು ಕ್ಯಾನ್ ಸಾಲದು. ಎರಡು ಕ್ಯಾನ್ ತುಂಬಿಟ್ಟುಕೊಳ್ಳಲಿ. ಉಜ್ಜಬಾರದು. ನಿಂಬೆಹುಳಿ, ವಿನೆಗರ್ ಹಾಕಿ ತಟಸ್ಥ ಮಾಡುವ ಬುದ್ಧಿವಂತಿಕೆಯೂ ಬೇಡ.

ಹಿರೇಹಳ್ಳಿ_ಸೇಫ್ಟಿ

ಇಬ್ಬರಿಗೂ ಧನ್ಯವಾದ. ನೀರು ಹಾಕಬಾರದು ಅನ್ನುವುದು ನಮ್ಮ ಸ್ಲೈಡುಗಳಲ್ಲಿ ಒಂದೇ ಸಾಲಿನಲ್ಲಿದೆ, ಕಾರಣವಿಲ್ಲ.

ಒಳಗಿರುವುದೋ ಓಡುವುದೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. "ಒಳಗಿರಿ" ಅಂದರೆ ನಮ್ಮ ಹಳ್ಳಿಗಳಲ್ಲಿ ಅರ್ಧ ಮನೆ ಹೆಂಚಿನವು, ಶೀಟಿನವು. "ಹೊರಡಿ" ಅಂದರೆ ದನಕರು ಬಿಟ್ಟು ಯಾರೂ ಹೊರಡುವುದಿಲ್ಲ. ಸೈರನ್ ವಿಚಾರವೂ ಇದೆ, ಕಾರ್ಖಾನೆಗಳ ಶಿಫ್ಟ್ ಸೈರನ್ ದಿನಕ್ಕೆ ಮೂರು ಸಲ ಕೂಗುವುದರಿಂದ ಯಾರೂ ಕಿವಿಗೊಡುವುದಿಲ್ಲ.

ಅರಳಿಕಟ್ಟೆ

ಪಂಚಾಯ್ತಿ ಮಟ್ಟದಲ್ಲಿ ಇದನ್ನು ಹೀಗೆ ಒಡೆದು ನೋಡಬೇಕು.

ವಿಷದ ಅನಿಲವಾದರೆ ಮನೆಯಲ್ಲಿದ್ದವರು ಒಳಗೇ ಇರಲಿ, ಹೊಲದಲ್ಲಿದ್ದವರು ಗಾಳಿಗೆ ಅಡ್ಡಡ್ಡ ನಡೆಯಲಿ. ಎಲ್‌ಪಿಜಿ ಆದರೆ ಉರಿ, ಕಿಡಿ, ಸ್ವಿಚ್ ಯಾವುದನ್ನೂ ಮುಟ್ಟದೆ ಎಲ್ಲರೂ ದೂರ ಹೋಗಲಿ. ಈ ಎರಡಕ್ಕಿಂತ ಹೆಚ್ಚು ನಿಯಮ ಕೊಟ್ಟರೆ ಒಂದೂ ನೆನಪಿರುವುದಿಲ್ಲ. ತರಬೇತುದಾರರಿಗೆ ಕಾರಣ ಗೊತ್ತಿರಬೇಕು. ಗಾಳಿ ಸೆಕೆಂಡಿಗೆ 2 ಮೀಟರ್ ಬೀಸಿದರೂ ಗಂಟೆಗೆ 7 ಕಿ.ಮೀ. ಆಯಿತು. ಅನಿಲದ ಮುಂದೆ ಅದೇ ದಿಕ್ಕಿಗೆ ಓಡುವ ಅಜ್ಜಿ, ಮಗು ಎತ್ತಿಕೊಂಡ ತಾಯಿ ಮೋಡದೊಳಗೇ ಓಡುತ್ತಿರುತ್ತಾರೆ, ಏದುಸಿರಿನಲ್ಲಿ ಹೆಚ್ಚು ವಿಷ ಎಳೆದುಕೊಳ್ಳುತ್ತಾರೆ. 1984ರ ಡಿಸೆಂಬರ್ 2–3ರ ರಾತ್ರಿ ಭೋಪಾಲದಲ್ಲಿ ಆದದ್ದು ಇದೇ. ಮೋಡ ಉದ್ದ ಇರುತ್ತದೆ, ಅಗಲ ಕಡಿಮೆ. ಅಡ್ಡ ನಡೆದರೆ ಬೇಗ ಹೊರಬೀಳಬಹುದು.

ಗಾಳಿ ಗುರುತಿಸುವುದನ್ನು ಕೈಯಾರೆ ಮಾಡಿಸಿ. ಊದುಬತ್ತಿ ಹಿಡಿದು ಓಣಿಯಲ್ಲಿ, ಮನೆ ಮೂಲೆಯಲ್ಲಿ, ಕೆರೆ ಏರಿಯ ಮೇಲೆ ನಿಲ್ಲಿಸಿ. ಓಣಿಯಲ್ಲಿ ಹೊಗೆ ಸುತ್ತುತ್ತದೆ, ಏರಿಯ ಮೇಲೆ ನೇರ ಹೋಗುತ್ತದೆ. ಅಂದರೆ ನೋಡಬೇಕಾದ್ದು ಗುಡಿಯ ಬಾವುಟ, ತೆಂಗಿನ ಗರಿ, ಇಟ್ಟಿಗೆ ಗೂಡಿನ ಹೊಗೆ, ಬಾಗಿಲ ಮುಂದಿನ ಗಾಳಿಯಲ್ಲ.

ಮನೆಗಳ ವಿಚಾರ. ಹೆಂಚು, ಶೀಟಿನ ಮನೆಗೆ ಸೂರಿನ ಕೆಳಗೇ ಗಾಳಿ ಆಡುತ್ತದೆ, ಅಲ್ಲಿ ಬಟ್ಟೆ ತುರುಕಿ ಪ್ರಯೋಜನವಿಲ್ಲ. ಅಂಥ ಮನೆಯವರಿಗೆ ಎರಡು ಮೂರು ನಿಮಿಷದ ನಡಿಗೆಯಲ್ಲಿರುವ ಆರ್‌ಸಿಸಿ ಕಟ್ಟಡವನ್ನು ಮೊದಲೇ ಗೊತ್ತುಮಾಡಿ, ಬಾಗಿಲ ಮೇಲೆ ಬಣ್ಣದ ಗುರುತು ಹಾಕಿ. ಕೀಲಿ ಯಾರ ಹತ್ತಿರ ಅನ್ನುವುದೇ ಇಲ್ಲಿ ಕೆಡುವ ಸಂಗತಿ. ಶಾಲೆಯ ಕೀಲಿ ಮೇಷ್ಟ್ರ ಜೊತೆ ಪೇಟೆಗೆ ಹೋಗಿರುತ್ತದೆ. ಪಕ್ಕದ ಎರಡು ಮನೆಯಲ್ಲಿ ಒಂದೊಂದು ನಕಲು ಇರಲಿ. ಒಬ್ಬರಿಗೆ 10 ಚದರ ಅಡಿ ಲೆಕ್ಕ ಹಿಡಿದರೆ 20×20 ಅಡಿಯ ಕೊಠಡಿಯಲ್ಲಿ 40 ಜನ ಕೆಲವು ಗಂಟೆ ಇರಬಹುದು. ಕಿಟಕಿ ಮುಚ್ಚಿ, ಫ್ಯಾನ್, ಕೂಲರ್, ಎಕ್ಸಾಸ್ಟ್ ನಿಲ್ಲಿಸಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ. ಕಿಟಕಿಗೆ ಹಾಕಲು ಟೊಮೆಟೊ ಹೊಲದ ಮಲ್ಚಿಂಗ್ ಶೀಟ್ ತೆಳು, ಹರಿಯುತ್ತದೆ. ಪಾಲಿಹೌಸಿನ 200 ಮೈಕ್ರಾನ್ ಶೀಟಿನ ಹಳೆಯ ತುಂಡು ಚೆನ್ನಾಗಿ ನಿಲ್ಲುತ್ತದೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅದು ಧಾರಾಳ. ಕಿಟಕಿ ಅಳತೆಗೆ ಮೊದಲೇ ಕತ್ತರಿಸಿ, ಎರಡು ಅಂಗುಲದ ಟೇಪಿನ ಜೊತೆ ಕೊಠಡಿಯಲ್ಲೇ ಇಡಿ.

ಒಳಗಿರಿ ಅಂತ ಹೇಳುವ ಎಲ್ಲರೂ ಮರೆಯುವುದು ಹೊರಗೆ ಬರುವುದನ್ನು. ಮುಚ್ಚಿದ ಕೋಣೆಯೊಳಗೂ ಅನಿಲ ನಿಧಾನವಾಗಿ ಸೇರುತ್ತಿರುತ್ತದೆ. ಮೋಡ ದಾಟಿದ ಮೇಲೆ ಹೊರಗೆ ಶುದ್ಧ ಗಾಳಿ, ಒಳಗೆ ವಿಷ ಉಳಿದಿರುತ್ತದೆ. ಆಗ ಕಿಟಕಿ ಬಾಗಿಲು ತೆರೆದು ಹೊರಬರಬೇಕು. ಹಾಗಾಗಿ "ಅಪಾಯ ಕಳೆಯಿತು" ಅನ್ನುವ ಸೂಚನೆ ಮೊದಲ ಎಚ್ಚರಿಕೆಯಷ್ಟೇ ಮುಖ್ಯ. ಅದನ್ನು ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ ಅಂತ ಬರೆದಿಡದ ಯೋಜನೆ ಅರ್ಧ ಯೋಜನೆ.

ಸೈರನ್‌ಗೆ ನಾಗರಿಕ ರಕ್ಷಣೆಯ ಪದ್ಧತಿಯನ್ನೇ ಹಿಡಿಯಿರಿ: ಏರಿಳಿಯುವ ಕೂಗು ಅಪಾಯಕ್ಕೆ, ಒಂದೇ ಸಮನೆ ಕೂಗು ಅಪಾಯ ಕಳೆದಾಗ. ಶಿಫ್ಟ್‌ಗೆ ಸೈರನ್ ಬಿಟ್ಟು ಬೆಲ್ ಬಳಸುವಂತೆ ಕಾರ್ಖಾನೆಗಳನ್ನು ಒಪ್ಪಿಸಿ. ಸೈರನ್ ಒಂದನ್ನೇ ನೆಚ್ಚಬೇಡಿ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಕಾರ್ಖಾನೆಯ ಸೈರನ್ ಮೊಳಗಲಿಲ್ಲ. ಎರಡನೆಯದು ಗುಡಿ, ಮಸೀದಿಯ ಮೈಕು, ಮೂರನೆಯದು ನೀರುಗಂಟಿಗಳ ಫೋನು. ಪಂಚಾಯ್ತಿಯ ಕಸದ ಆಟೋದ ಮೈಕನ್ನು ಮಾತ್ರ ವಿಷದ ಅನಿಲಕ್ಕೆ ಬಳಸಬೇಡಿ, ಚಾಲಕನೇ ಮೋಡದೊಳಗೆ ಓಡಿಸಿಬಿಡುತ್ತಾನೆ. ಮೈಕಿನಲ್ಲಿ ಹೇಳುವ ಮಾತು ಮೊದಲೇ ಬರೆದು ಮೈಕಿನ ಪಕ್ಕ ಅಂಟಿಸಿರಲಿ: ಯಾವ ಕಡೆಯಿಂದ ಬರುತ್ತಿದೆ, ಒಳಗಿರಿ, ಏನೇನು ಮುಚ್ಚಿ, ಮುಂದಿನ ಮಾತಿಗೆ ಕಾಯಿರಿ. ಮೂರು ಸಲ.

ದನಕರುಗಳ ಬಗ್ಗೆ ಬೈದು ಪ್ರಯೋಜನವಿಲ್ಲ. ಕೊಟ್ಟಿಗೆಯ ಹಗ್ಗ ಬಿಚ್ಚಿ ಬಿಡಿ, ಹೊಡೆದುಕೊಂಡು ಹೋಗಬೇಡಿ, ಅಷ್ಟೇ ಕಲಿಸಿ. ಎಲ್‌ಪಿಜಿಯಂತೆ ಊರು ಬಿಡಬೇಕಾದ ಸಂದರ್ಭಕ್ಕೆ ಬಿಚ್ಚಲು ಸುಲಭವಾಗುವ ಗಂಟು ಹಾಕಿರಲಿ. ಡೇರಿ ಕಾರ್ಯದರ್ಶಿಯನ್ನು ತರಬೇತುದಾರ ಮಾಡಿದ್ದು ಒಳ್ಳೆಯದಾಯಿತು. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವ ಸಾಲಿನಷ್ಟು ಖಚಿತವಾದ ಸಭೆ ಊರಲ್ಲಿ ಇನ್ನೊಂದಿಲ್ಲ.

ಹೆದ್ದಾರಿ_44

ಟ್ಯಾಂಕರ್ ಬಗ್ಗೆ ಯಾರೂ ಬರೆಯಲಿಲ್ಲ. ಕ್ಯಾತ್ಸಂದ್ರದಿಂದ ಶಿರಾವರೆಗೆ ಇದೇ ನಿಮಗೆ ಮೊದಲ ಅಪಾಯ, ಕಾರ್ಖಾನೆಯಲ್ಲ.

ಅಪಾಯಕಾರಿ ಸರಕಿನ ವಾಹನಕ್ಕೆ ಮೋಟಾರು ವಾಹನ ನಿಯಮ 1989ರ ಪ್ರಕಾರ ತುರ್ತು ಮಾಹಿತಿ ಫಲಕ ಕಡ್ಡಾಯ. ಅದರಲ್ಲಿ ನಾಲ್ಕಂಕಿಯ ಯು.ಎನ್. ಸಂಖ್ಯೆ (ವಸ್ತು ಯಾವುದೆಂದು ಹೇಳುವ ಅಂತರರಾಷ್ಟ್ರೀಯ ಸಂಖ್ಯೆ), ಹ್ಯಾಜ್‌ಕೆಮ್ ಸಂಕೇತ (ಅಗ್ನಿಶಾಮಕದವರು ಏನು ಮಾಡಬೇಕೆಂದು ಹೇಳುವ ಗುರುತು), ವಜ್ರಾಕಾರದ ಗುರುತು, ತಜ್ಞರ ಫೋನ್ ನಂಬರ್ ಇರುತ್ತವೆ. ಚಾಲಕನ ಹತ್ತಿರ ಟ್ರೆಮ್ ಕಾರ್ಡ್, ಅಂದರೆ ಆ ಸರಕಿನ ಅಪಾಯ ಮತ್ತು ತುರ್ತು ಕ್ರಮ ಬರೆದ ಕಾಗದ ಇರಬೇಕು. ತರಬೇತುದಾರರಿಗೆ ಆರು ಸಂಖ್ಯೆ ಸಾಕು: 1005 ಅಮೋನಿಯಾ, 1017 ಕ್ಲೋರಿನ್, 1075 ಎಲ್‌ಪಿಜಿ, 1203 ಪೆಟ್ರೋಲ್, 1830 ಗಂಧಕಾಮ್ಲ, 1789 ಹೈಡ್ರೋಕ್ಲೋರಿಕ್ ಆಸಿಡ್. ಊರಿನವರಿಗೆ ಒಂದೂ ಬೇಡ. ದೂರದಿಂದ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನಾಲ್ಕಂಕಿ ಓದಿ 112ಕ್ಕೆ ಹೇಳುವುದು ಮಾತ್ರ ಅಭ್ಯಾಸ ಮಾಡಿಸಿ. ಓದಲು ಹತ್ತಿರ ಹೋಗಬೇಕಾಯಿತು ಅಂದರೆ ಓದುವುದೇ ಬೇಡ.

ದೂರಕ್ಕೆ ಹೆಬ್ಬೆರಳ ಲೆಕ್ಕ: ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅಪಘಾತದ ಜಾಗ ಪೂರ್ತಿ ಮರೆಯಾಗಬೇಕು, ಕಂಡರೆ ಇನ್ನೂ ಹಿಂದೆ ಸರಿಯಬೇಕು. ಎಲ್‌ಪಿಜಿ ಟ್ಯಾಂಕರಿಗೆ ಬೆಂಕಿ ಹತ್ತಿದ್ದರೆ ಈ ಲೆಕ್ಕವೂ ಸಾಲದು, 1.6 ಕಿ.ಮೀ. ಖಾಲಿ ಮಾಡಿಸಬೇಕು. ಒಳಗಿನ ದ್ರವ ಕುದಿದು ಒತ್ತಡ ಏರಿ, ಬೆಂಕಿ ತಗುಲಿದ ಕಡೆ ಲೋಹ ಮೆತ್ತಗಾಗಿ ಟ್ಯಾಂಕ್ ಸಿಡಿಯುತ್ತದೆ, ತುಂಡುಗಳು ಬಹಳ ದೂರ ಹಾರುತ್ತವೆ.

ಪೆಟ್ರೋಲ್ ಟ್ಯಾಂಕರ್ ಮಗುಚಿದಾಗ ಬಿಂದಿಗೆ, ಕ್ಯಾನ್ ಹಿಡಿದು ಬರುವವರನ್ನು ತಡೆಯುವುದು ಹೇಗೆ ಅನ್ನುವುದೇ ಒಂದು ಗಂಟೆಯ ಪಾಠ. "ಬರಬೇಡಿ" ಅಂದರೆ ನಿಲ್ಲುವುದಿಲ್ಲ. ಊರಿನಿಂದ ಹೆದ್ದಾರಿಗೆ ಬರುವ ದಾರಿಯಲ್ಲೇ ಊರಿನವರೇ ಅಡ್ಡ ನಿಲ್ಲಬೇಕು, ಟ್ಯಾಂಕರಿನ ಹತ್ತಿರವಲ್ಲ. ಬೈಕ್ ಸ್ಟಾರ್ಟ್ ಮಾಡಿದ ಒಂದು ಕಿಡಿ ಸಾಕು ಅನ್ನುವುದನ್ನು ಯುವಕ ಸಂಘದವರ ಬಾಯಲ್ಲೇ ಹೇಳಿಸಿ.

ಕಲ್ಲುಕ್ವಾರಿಗಳಿರುವ ಊರಾದರೆ ಜಿಲೆಟಿನ್ ಸೇರಿಸಿ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಅದನ್ನು ಮುಟ್ಟುವುದು, ಸಾಗಿಸುವುದು, ಹೂಳುವುದು ಯಾವುದೂ ಊರಿನವರ ಕೆಲಸವಲ್ಲ.

ಕೋಲಾರದ ಕಡೆ ಹೋದರೆ ಕೆಜಿಎಫ್‌ನ ಸೈನೈಡ್ ದಿಬ್ಬಗಳ ಬಗ್ಗೆ ಕೇಳೇ ಕೇಳುತ್ತಾರೆ. ಅದು ವರ್ಷಗಟ್ಟಲೆಯ ದೂಳಿನ ಸಮಸ್ಯೆ, ಹತ್ತು ನಿಮಿಷದ ತುರ್ತಲ್ಲ. ಅದಕ್ಕೆ ಬೇರೆ ಸಭೆ ಇಡಿ, ಇಲ್ಲಿ ಬೆರೆಸಬೇಡಿ.

ಕಂಪ್ರೆಸರ್_ಕೋಲಾರ

ತರಬೇತುದಾರರಿಗೆ ಉಸಿರಾಟದ ಸೆಟ್ ಹಾಕಿಕೊಳ್ಳುವುದು ಕಲಿಸಬೇಕೆಂಬ ಒತ್ತಾಯ ಬಂದರೆ ಒಪ್ಪಬೇಡಿ. ಒಂದು ಸಲ ಹಾಕಿ ತೋರಿಸಿದರೆ ಅವರು ತಮ್ಮನ್ನು ರಕ್ಷಣಾ ಪಡೆ ಅಂದುಕೊಳ್ಳುತ್ತಾರೆ. ವಿಪತ್ತಿನ ಕೆಲಸಕ್ಕೆ ಸರ್ಕಾರ ತಯಾರು ಮಾಡುವ ಆಪದ ಮಿತ್ರ ಸ್ವಯಂಸೇವಕರಿಗೆ 12 ದಿನದ ತರಬೇತಿ ಇದೆ, ಅವರಿಗೂ ಸೋರುವ ಕೋಣೆಗೆ ನುಗ್ಗುವ ಕೆಲಸವಿಲ್ಲ. ಧೂಳಿನ ಮಾಸ್ಕ್, ಎನ್95 ಅನಿಲವನ್ನು ತಡೆಯುವುದಿಲ್ಲ ಅಂತಲೂ ಸ್ಪಷ್ಟ ಹೇಳಿ, ಕೋವಿಡ್ ನಂತರ ಮನೆಮನೆಯಲ್ಲಿ ಅವು ಉಳಿದಿವೆ. ಒದ್ದೆ ಬಟ್ಟೆ ಅಮೋನಿಯಾಗೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ, ಅದು ನೀರಿನಲ್ಲಿ ಬೇಗ ಕರಗುವುದರಿಂದ. ಕ್ಲೋರಿನ್‌ಗೆ ಅಷ್ಟಿಲ್ಲ. ಯಾವುದಕ್ಕಾದರೂ ಅದು ಹೊರಬರಲು, ಒಳಹೋಗಲು ಅಲ್ಲ.

ಕಡತ_ಕನ್ನಡಕ

ಹಣ ಮತ್ತು ಅಧಿಕಾರದ ಕಡೆಯಿಂದ ಎರಡು ಮಾತು. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ 15ನೇ ನಿಯಮದಂತೆ, ದೊಡ್ಡ ಅವಘಡವಾದರೆ ತೊಂದರೆಗೊಳಗಾಗಬಹುದಾದ ನೆರೆಯವರಿಗೆ ಅಪಾಯ ಏನು, ಆಗ ಏನು ಮಾಡಬೇಕು ಅಂತ ತಿಳಿಸುವುದು ಕಾರ್ಖಾನೆಯ ಹೊಣೆ. ಹೊರಾವರಣ ಯೋಜನೆಯ (ಕಾರ್ಖಾನೆ ಆವರಣದ ಹೊರಗಿನ ತುರ್ತು ಯೋಜನೆಯ) ತಾಲೀಮು ವರ್ಷಕ್ಕೊಮ್ಮೆ ಆಗಬೇಕು. 1996ರ ರಾಸಾಯನಿಕ ಅಪಘಾತ ನಿಯಮಗಳಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಬಿಕ್ಕಟ್ಟು ಗುಂಪು 45 ದಿನಕ್ಕೊಮ್ಮೆ, ಸ್ಥಳೀಯ ಗುಂಪು ತಿಂಗಳಿಗೊಮ್ಮೆ ಸೇರಬೇಕು. ನಿಮ್ಮ ತರಬೇತಿಯನ್ನು ಆ ಸಭೆಯ ನಡಾವಳಿಯಲ್ಲಿ ಸೇರಿಸಿ, ಆಗ ಕಾರ್ಖಾನೆಯ ರಾಸಾಯನಿಕ ಪಟ್ಟಿ, ಬಸ್ಸು, ಊಟದ ಖರ್ಚು ಕೇಳಲು ದಾರಿಯಾಗುತ್ತದೆ.

ತೊಡಕು ಒಂದಿದೆ. ಈ ನಿಯಮಗಳು ಹಿಡಿಯುವುದು ದಾಸ್ತಾನು ಮಿತಿ ದಾಟಿದ ಘಟಕಗಳನ್ನು. ಕ್ಲೋರಿನ್‌ಗೆ ಆ ಮಿತಿ ಹತ್ತು ಟನ್‌ನಿಂದ ಶುರು, ಅಮೋನಿಯಾಗೆ ಹತ್ತಾರು ಟನ್. ಹುಣಸೆಹಣ್ಣು ಇಡುವ ಕೋಲ್ಡ್ ಸ್ಟೋರೇಜು, ಐಸ್ ಫ್ಯಾಕ್ಟರಿ, ಊರ ನೀರಿನ ಘಟಕ ಇದರೊಳಗೆ ಬರುವುದೇ ಕಷ್ಟ, ಆದರೆ ಮನೆಗಳಿಗೆ ಅಂಟಿಕೊಂಡಿರುವುದು ಅವೇ. ಅವನ್ನು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರದ ಯೋಜನೆಗೆ ಸೇರಿಸಿಕೊಳ್ಳಿ. ಕಾರ್ಖಾನೆ ಇಲಾಖೆಯ ಪಟ್ಟಿಯೊಂದನ್ನೇ ನಂಬಿ ಹಳ್ಳಿ ಆರಿಸಿದರೆ ಇವು ತಪ್ಪಿಹೋಗುತ್ತವೆ.

ಹಿರೇಹಳ್ಳಿ_ಸೇಫ್ಟಿ

ಇದು ಹೊಳೆದೇ ಇರಲಿಲ್ಲ, ನಾಳೆಯೇ ಪಟ್ಟಿ ತಿದ್ದುತ್ತೇವೆ. ನಂದಿ_ತಪ್ಪಲು ಸರ್, ಮೂರು ಮತ್ತು ನಾಲ್ಕನೇ ದಿನದ ವಿವರ ಬಾಕಿ ಇದೆ.

ನಂದಿ_ತಪ್ಪಲು

ಮೂರನೇ ದಿನ ಒಬ್ಬೊಬ್ಬರೂ ಎರಡು ಸಲ, ಹತ್ತು ಹತ್ತು ನಿಮಿಷ ಪಾಠ ಮಾಡಬೇಕು. 24 ಜನಕ್ಕೆ ಒಂದೇ ಕೊಠಡಿಯಾದರೆ ಎಂಟು ಗಂಟೆ ಬರೀ ಪಾಠಕ್ಕೇ ಹೋಯಿತು, ತಿದ್ದಲು ಸಮಯವಿಲ್ಲ. ಆದ್ದರಿಂದ ನಾಲ್ಕು ಕೊಠಡಿ, ಕೊಠಡಿಗೆ ಆರು ಜನ, ಒಬ್ಬ ನೋಡುವವ. ಕೇಳುಗರಾಗಿ ಸಹ ತರಬೇತುದಾರರನ್ನೇ ಕೂರಿಸಿದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಸ್ತ್ರೀಶಕ್ತಿ ಸಂಘದ ಐದಾರು ಜನರನ್ನು ಕೊಠಡಿಗೊಂದು ಗುಂಪಾಗಿ ಕರೆಯಿರಿ, ದಿನದ ಕೂಲಿ ಕೊಟ್ಟು. ಪಾಠ ಮುಗಿದ ಮೇಲೆ ಮೊದಲು ಮಾತಾಡುವುದು ಅವರು, ಆಮೇಲೆ ನೋಡುವವರು.

ಅಳತೆ ಹೀಗೆ. ಪಾಠ ಕೇಳಿದ ಐವರನ್ನು ಒಬ್ಬೊಬ್ಬರಾಗಿ ಹೊರಗೆ ಕರೆದು ಮೂರು ಪ್ರಶ್ನೆ. ಈಗ ಗಾಳಿ ಯಾವ ಕಡೆಗೆ ಬೀಸುತ್ತಿದೆ, ತೋರಿಸಿ. ಘಾಟು ಬಂದರೆ ನಿಮ್ಮ ಮನೆಯಲ್ಲಿ ಏನೇನು ಮುಚ್ಚುತ್ತೀರಿ, ಎಲ್ಲಿಗೆ ಹೋಗುತ್ತೀರಿ. 112ಕ್ಕೆ ಫೋನ್ ಮಾಡಿ ಏನು ಹೇಳುತ್ತೀರಿ. ಮೂರನೆಯದರಲ್ಲಿ ಊರು, ಗುರುತಿನ ಜಾಗ, ಕಂಡದ್ದು, ಎಷ್ಟು ಜನಕ್ಕೆ ತೊಂದರೆ, ಗಾಳಿಯ ದಿಕ್ಕು, ಇಷ್ಟು ಬರಬೇಕು. ಐವರಲ್ಲಿ ನಾಲ್ವರು ಸರಿ ಹೇಳಿದರೆ ತರಬೇತುದಾರ ಪಾಸು, ಇಲ್ಲದಿದ್ದರೆ ಮತ್ತೊಮ್ಮೆ ಪಾಠ. ತರಬೇತುದಾರರಿಗೇ ಲಿಖಿತ ಪರೀಕ್ಷೆ ಇಡುವುದರಿಂದ ಏನೂ ತಿಳಿಯುವುದಿಲ್ಲ, ಮೇಷ್ಟ್ರುಗಳು ನೂರಕ್ಕೆ ನೂರು ತೆಗೆದು ಊರಲ್ಲಿ ಅಣುಸೂತ್ರ ಬರೆಯುತ್ತಾರೆ.

ನಾಲ್ಕನೇ ದಿನ ಬೆಳಿಗ್ಗೆ ನಕ್ಷೆಯ ಮೇಲೆ ಮೇಜಿನ ತಾಲೀಮು. ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಚೀಟಿ ಕೊಡಿ: ಗಾಳಿ ತಿರುಗಿತು, ಕರೆಂಟ್ ಹೋಯಿತು, ಶಾಲೆ ಬಿಡುವ ಹೊತ್ತು, ಕೀಲಿ ಇಲ್ಲ, ವಾಟ್ಸಾಪಿನಲ್ಲಿ "ಎಲ್ಲರೂ ಊರು ಬಿಡಿ" ಅಂತ ಸುಳ್ಳು ಸುದ್ದಿ. ಮಧ್ಯಾಹ್ನ ಒಂದೇ ಬೀದಿಯ 15–20 ಮನೆಗಳಲ್ಲಿ ತಾಲೀಮು. ಹೊಗೆ ಬಾಂಬು, ಬೆಂಕಿ, ಸ್ಟ್ರೆಚರ್, ವಿಐಪಿ ಪೆಂಡಾಲು ಯಾವುದೂ ಬೇಡ. ಅಂಥ ಅಣಕು ಪ್ರದರ್ಶನದಲ್ಲಿ ಊರಿನವರು ನಿಂತು ನೋಡುವವರಾಗುತ್ತಾರೆ, ನಿಜವಾದ ದಿನವೂ ನೋಡಲು ಬರುತ್ತಾರೆ. ಹಿಂದಿನ ದಿನವೇ ಡಂಗುರ ಹಾಕಿಸಿ, 112, 101, 108 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿ 1077ಕ್ಕೆ ತಾಲೀಮು ಅಂತ ತಿಳಿಸಿ, ಪ್ರತಿ ಮೈಕ್ ಮಾತಿನ ಮೊದಲಿಗೂ ಕೊನೆಗೂ "ಇದು ತಾಲೀಮು" ಇರಲಿ.

ಗಡಿಯಾರ ಹಿಡಿದು ನಾಲ್ಕು ಹೊತ್ತು ಬರೆದುಕೊಳ್ಳಿ: ಎಚ್ಚರಿಕೆ ಶುರುವಾದದ್ದು, ಕೊನೆಯ ಮನೆಗೆ ಅದು ಕೇಳಿಸಿದ್ದು, ಕೊನೆಯ ಬಾಗಿಲು ಮುಚ್ಚಿದ್ದು, ಅಪಾಯ ಕಳೆದ ಮೇಲೆ ಕೊನೆಯ ಕಿಟಕಿ ತೆರೆದದ್ದು. ಮೊದಲೆರಡರ ನಡುವೆ ಸಮಯ ಹೆಚ್ಚಾಗಿದ್ದರೆ ತೊಂದರೆ ಮೈಕಿನದು, ಎರಡು ಮೂರರ ನಡುವೆ ಹೆಚ್ಚಾಗಿದ್ದರೆ ಪಾಠದ್ದು. ಆರು ತಿಂಗಳ ಮೇಲೆ ಗಾಳಿ ತಿರುಗಿದ ಕಾಲದಲ್ಲಿ ಅದೇ ಬೀದಿಯಲ್ಲಿ ಇನ್ನೊಮ್ಮೆ ಮಾಡಿಸಿ, ಆಗ ಎರಡನೇ ನಕ್ಷೆ ಹಿಡಿದು. ಮುಂಗಾರಿನ ತಾಲೀಮಿಗೆ ಜುಲೈ, ಮೂಡಗಾಳಿಯದಕ್ಕೆ ಡಿಸೆಂಬರ್ ಗೊತ್ತುಮಾಡಿಕೊಳ್ಳಿ. ಡಿಸೆಂಬರಿನದನ್ನು ಸಾಧ್ಯವಾದರೆ ಬೆಳಿಗ್ಗೆ ಆರು ಗಂಟೆಗೇ ಇಡಿ, ಹಾಲು ಹಾಕಲು ಜನ ಹೇಗೂ ಎದ್ದಿರುತ್ತಾರೆ.